ಕುಸುಬಿ ಬೆರೆಸಿದ ಎಣ್ಣೆ

ಆ ಎರಡು ವರ್ಷ ನಾನು ನಡೆದಷ್ಟು ಮುಂದೆ ಯಾವತ್ತೂ ನಡೆಯಲಿಲ್ಲ. ಮನೆ ಜೇವರ್ಗಿ ತಾಲೂಕಿನಲ್ಲಿ, ಅಂದೋಲಾದ ಹತ್ತಿರದ ಒಂದು ಸಣ್ಣ ಹಳ್ಳಿ. ಕೆಲಸ ಎರಡು ಕಡೆ: ಆಳಂದದಲ್ಲಿ ಒಂದು ಹಿಟ್ಟಿನ ಗಿರಣಿ, ಅಫಜಲಪುರದ ಆಚೆ ಭೀಮಾ ದಂಡೆಯಲ್ಲಿ ಒಂದು ಎಲೆಬಳ್ಳಿ ತೋಟ. ಎರಡೂ ಒಬ್ಬರೇ ಸಾಹುಕಾರರವು. ಎರಡರಲ್ಲೂ ಒಂದೊಂದು ಇಂಜಿನ್ ಇತ್ತು, ಎರಡಕ್ಕೂ ಮಿಸ್ತ್ರಿ ನಾನೊಬ್ಬನೇ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ, ನಡುವೆ ಬಿಡುವು ಸಿಕ್ಕರೆ ಮನೆ. ಸರ್ವೀಸ್ ಬಸ್ ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದಾದರೂ ಗಾಡಿ, ಅದೂ ಇಲ್ಲದಿದ್ದರೆ ಕಾಲು. ಆಗ ನನಗೆ ಮೂವತ್ತೊಂದು ವರ್ಷ. ಆ ವಯಸ್ಸಿಗೇ ಕೂತಲ್ಲಿಂದ ಏಳುವಾಗ ಮುದುಕರ ಹಾಗೆ ನೆಲಕ್ಕೆ ಕೈ ಊರುತ್ತಿದ್ದೆ.

ನನ್ನ ಕೆಲಸದಲ್ಲಿ ಮುಖ್ಯವಾದದ್ದು ಪಾನಾ, ಹತೋಡಿ ಯಾವುದೂ ಅಲ್ಲ, ಎಣ್ಣೆ. ಸೋಲಾಪುರದಿಂದ ಚೌಕ ಡಬ್ಬಿಯಲ್ಲಿ ಬರುತ್ತಿದ್ದ ಮಷಿನ್ ಎಣ್ಣೆ. ಇಂಜಿನ್ ನೆತ್ತಿಯ ಮೇಲೆ ಗಾಜಿನ ಒಂದು ಬಟ್ಟಲು. ಅದರಿಂದ ಹನಿಹನಿಯಾಗಿ ಕೆಳಗಿಳಿಯುವಂತೆ ತಿರುಪು ಹೊಂದಿಸಬೇಕು. ಹೆಚ್ಚು ಬಿದ್ದರೆ ಹೊಗೆ, ಕಡಿಮೆಯಾದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಅದೇ ಎಣ್ಣೆ ಊರಿಗೆಲ್ಲ ಬೇಕಾಗುತ್ತಿತ್ತು. ಟಪಾಲಿನವನು ಸೈಕಲ್ ಚೈನಿಗೆ ಕೇಳುತ್ತಿದ್ದ, ಕ್ಷೌರಿಕ ಕೂದಲು ಕತ್ತರಿಸುವ ಮಷಿನ್ನಿಗೆ, ಶಾಲೆಯ ಮಾಸ್ತರರು ಗೋಡೆ ಗಡಿಯಾರಕ್ಕೆ, ಬಾವಿ ಕಡೆಯ ಹೆಣ್ಣುಮಕ್ಕಳು ನೀರು ಸೇದುವ ಗಾಲಿಗೆ. ಜಂಗು ಹಿಡಿದ ಬೀಗವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುವವರಿದ್ದರು. ಒಬ್ಬ ಮುದುಕಪ್ಪ ಮೊಣಕಾಲಿಗೆ ಹಚ್ಚಿಕೊಳ್ಳಲು ಕೇಳುತ್ತಿದ್ದ. "ಕಬ್ಬಿಣದ ಕೀಲೇ ಸಡಿಲಾಗ್ತದ, ನಂದು ಆಗಂಗಿಲ್ಲೇನೋ?" ಎನ್ನುತ್ತಿದ್ದ. ಕೋಳಿಪುಕ್ಕ ಅದ್ದಿ ಎರಡು ಹನಿ ಕೊಟ್ಟರೆ ಎಲ್ಲರೂ ಖುಷಿಯಿಂದ ಹೋಗುತ್ತಿದ್ದರು. ಸಾಹುಕಾರರೂ ಬೇಡ ಎಂದವರಲ್ಲ.

ನಲವತ್ತೇಳರ ಮಳೆಗಾಲದಲ್ಲಿ ಬ್ರಿಟಿಷರು ಹೋದರು ಎಂದು ಸುದ್ದಿ ಬಂತು. ನಮ್ಮದು ಹೈದರಾಬಾದ ಸಂಸ್ಥಾನ, ನಮಗೇನೂ ಬದಲಾಗಲಿಲ್ಲ ಎಂದುಕೊಂಡೆವು. ಬದಲಾದದ್ದು ಮೊದಲು ನನಗೆ ತಿಳಿದದ್ದು ಡಬ್ಬಿಯಿಂದ. ದೀಪಾವಳಿಗೆ ಬರಬೇಕಾದ ಎಣ್ಣೆಯ ಡಬ್ಬಿಗಳು ಬರಲಿಲ್ಲ. ಸಂಕ್ರಾಂತಿಗೆ ಎರಡು ಬರುವಲ್ಲಿ ಒಂದು ಬಂತು. ಆಮೇಲೆ ಗಡಿಯ ನಾಕಾದಲ್ಲಿ ಗಾಡಿಗಳನ್ನೇ ನಿಲ್ಲಿಸಿದರು. ಚಿಮಣಿ ಎಣ್ಣೆ ಇಲ್ಲ, ಉಪ್ಪು ಇಲ್ಲ, ಬಟ್ಟೆ ಇಲ್ಲ. ಹಳ್ಳಿಗಳಲ್ಲಿ ಗದ್ದಲ, ಮನೆ ಸುಟ್ಟರು, ದನ ಹೊಡೆದುಕೊಂಡು ಹೋದರು ಎಂಬ ಮಾತು ದಿನಾ ಹೊಸದಾಗಿ ಕೇಳಿಬರುತ್ತಿತ್ತು. ಎಷ್ಟು ನಿಜ, ಎಷ್ಟು ಸುಳ್ಳು ಗೊತ್ತಾಗುತ್ತಿರಲಿಲ್ಲ. ಹೆದರಿಕೆ ಮಾತ್ರ ಪೂರ್ತಿ ನಿಜವಾಗಿತ್ತು.

ನಲವತ್ತೆಂಟರ ಬೇಸಿಗೆಯ ಹೊತ್ತಿಗೆ ಆಳಂದದ ಗಿರಣಿಗೆ ಉರಿಯುವ ಎಣ್ಣೆ ಮುಗಿಯಿತು. ಇಂಜಿನ್ ನಿಂತಿತು. ಹೆಣ್ಣುಮಕ್ಕಳು ಜೋಳದ ಪುಟ್ಟಿ ಹೊತ್ತುಕೊಂಡು ಬಂದು, ಮುಚ್ಚಿದ ಬಾಗಿಲು ನೋಡಿ, ಮಾತಿಲ್ಲದೆ ಮನೆಯ ಬೀಸುಕಲ್ಲಿಗೆ ಮರಳಿದರು. ಅಫಜಲಪುರದ ತೋಟದಲ್ಲಿ ಮಾತ್ರ ಸಾಹುಕಾರರು ಮೊದಲೇ ಎರಡು ಪೀಪಾಯಿ ತರಿಸಿಟ್ಟಿದ್ದರು. ಮಳೆ ಬೀಳುವ ತನಕ ಅದು ಸಾಲುತ್ತಿತ್ತು. ಕೊರತೆಯಿದ್ದದ್ದು ಕೀಲಿಗೆ ಬಿಡುವ ಎಣ್ಣೆಗೆ. ಆಳಂದದಲ್ಲಿ ಅದು ಎರಡು ಬಾಟಲಿ ಉಳಿದಿತ್ತು. ಸಾಹುಕಾರರು ಗುಲಬರ್ಗಾದಿಂದ ಹೇಳಿಕಳಿಸಿದರು: "ಗಿರಣಿಗಿ ಬೀಗ ಹಾಕಿ, ಇದ್ದ ಎಣ್ಣಿ ಎಲ್ಲಾ ತೋಟಕ್ಕ ಒಯ್ಯಿರಿ. ಎಲಿಬಳ್ಳಿ ನಾಕು ದಿನ ನೀರಿಲ್ದ ಇರಂಗಿಲ್ಲ."

ಹೊರಡುವ ದಿನ ಬೆಳಗ್ಗೆ ಗಿರಣಿ ತಿರುಗಿಸುವ ಚರ್ಮದ ಪಟ್ಟಿಯನ್ನು ಬಿಚ್ಚಿ ಸುತ್ತಿಡುತ್ತಿದ್ದೆ. ಹೊರಗೆ ಯಾರೋ ನಿಂತಂತಾಯಿತು. ನೋಡಿದರೆ ಎದುರು ಓಣಿಯ ದರ್ಜಿ ಚಾಚಾ. ವಾರಕ್ಕೊಮ್ಮೆ ತನ್ನ ಹೊಲಿಗೆ ಮಷಿನ್ನಿಗೆ ನಾಲ್ಕು ಹನಿ ಒಯ್ಯುವ ಮನುಷ್ಯ. ಕೈಯಲ್ಲಿ ಎಂದಿನ ಸಣ್ಣ ಶೀಶೆ ಇರಲಿಲ್ಲ.

"ಒಳಗ ಬರ್ರಿ ಚಾಚಾ. ಮಷಿನಿಗಿ ಬೇಕಾಗಿತ್ತೇನು?"

"ಮಷಿನಿಗಿ ಬ್ಯಾಡ್ರಿ ಮಿಸ್ತ್ರಿ. ಹೊಲೀಲಾಕ ಬಟ್ಟೀನೇ ಇಲ್ಲ." ಒಳಗೆ ಬಂದು ದನಿ ತಗ್ಗಿಸಿ ಹೇಳಿದ: "ನಮ್ಮ ಓಣ್ಯಾಗಿನ ಮೂರು ಮನಿಯವರು ಇವತ್ತು ಹೊಂಟಾರ. ಗಡಿ ದಾಟಿ ಸೋಲಾಪುರ ಕಡಿ. ಹೆಣ್ಮಕ್ಕಳು, ಕೂಸುಗಳು ಅದಾವ. ಮಧ್ಯಾಹ್ನ ಬಿಸಲಾಗ ಮಂದಿ ಎಲ್ಲ ಒಳಗ ಬಿದ್ದಾಗ ಊರು ದಾಟಬೇಕಂತಾರ. ಖರೇ ಅವರ ಗಾಡಿ ಹ್ಯಾಂಗ ಒದರ್ತಾವ, ನೀವೇ ಕೇಳೀರಲ್ಲ."

ಕೇಳಿದ್ದೆ. ಆಗ ಊರಿನ ಗಾಡಿಗಳೆಲ್ಲ ಒದರುತ್ತಿದ್ದವು. ಚಿಮಣಿ ಎಣ್ಣೆ ಸಿಗದೆ ಔಡಲ ಎಣ್ಣೆಯೆಲ್ಲ ಹಣತೆಗೆ ಹೋಗಿತ್ತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಎಂಬುದೇ ಇರಲಿಲ್ಲ. ಒಣಗಿದ ಅಚ್ಚು ಅರ್ಧ ಹರದಾರಿ ದೂರದಿಂದ ಕೇಳಿಸುವ ಹಾಗೆ ಕಿರುಚುತ್ತಿತ್ತು.

"ಕುಸುಬಿ ಎಣ್ಣಿ ಹಾಕಿ ನೋಡ್ರಲ್ಲ," ಎಂದೆ.

"ಹಾಕಿ ನೋಡ್ಯಾರ. ಎರಡು ಹರದಾರಿ ಹೋಗೂದ್ರಾಗ ಆರಿ ಮತ್ತ ಕಿರ್ರ್ ಅಂತದ."

ಇಂಜಿನ್ ಕೆಳಗೆ ಸೋರಿದ ಕರಿ ಎಣ್ಣೆ ಇದ್ದಿದ್ದರೆ ಅದನ್ನೇ ಕೊಡುತ್ತಿದ್ದೆ. ಅದನ್ನೂ ಹಿಂದಿನ ತಿಂಗಳೇ ಅರಿವೆಯಿಂದ ಒರೆಸಿ, ಹಿಂಡಿ, ಯಾರ್ಯಾರಿಗೋ ಕೊಟ್ಟು ಮುಗಿಸಿದ್ದೆ. ಎರಡು ಬಾಟಲಿ ಹಲಗೆಯ ಮೇಲೆ ಕಾಣುವಂತೆಯೇ ಇದ್ದವು.

"ಇದು ಅಫಜಲಪುರಕ್ಕ ಹೋಗೂ ಎಣ್ಣಿ ಚಾಚಾ. ನಂದಲ್ಲ."

"ಗೊತ್ತದರಿ. ನಿಮ್ಮದಲ್ಲದ್ದು ಕೇಳಾಕ ಬಂದೇನಿ. ಅದಕ್ಕಽ ಇಷ್ಟೊತ್ತು ಹೊರಗ ನಿಂತಿದ್ದೆ."

ಅವನು ಮತ್ತೇನಾದರೂ ಹೇಳಿದ್ದರೆ, ಜೋರು ಮಾಡಿದ್ದರೆ, ಅತ್ತಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತೇನೋ. ನಾನು ಬಾಟಲಿ ಎರಡನ್ನೂ ರುಮಾಲಿನಲ್ಲಿ ಸುತ್ತಿಕೊಂಡು ಅವನ ಹಿಂದೆ ಹೋದೆ.

ಮೂರು ಗಾಡಿ, ಆರು ಗಾಲಿ. ಗಾಡಿಗಳನ್ನು ಹಿತ್ತಲಿಗೆ ತಂದು ನಿಲ್ಲಿಸಿದ್ದರು. ಕಡಾಣಿ ತೆಗೆದು ಒಂದೊಂದೇ ಗಾಲಿಯನ್ನು ಹೊರಕ್ಕೆ ಎಳೆದೆವು. ಅಚ್ಚುಗಳ ಮೇಲೆ ಕೆಂಪು ಹುಡಿ ಕೂತಿತ್ತು. ಅರಿವೆಯ ಚೂರನ್ನು ಎಣ್ಣೆಯಲ್ಲಿ ನೆನೆಸಿ ಅಚ್ಚಿಗೆ ಸುತ್ತಿ, ಮೇಲೆ ಮತ್ತಷ್ಟು ಹೊಯ್ದು, ಗಾಲಿ ಏರಿಸಿ ಕಡಾಣಿ ಹೊಡೆದೆ. ಮೊದಲ ಗಾಡಿಗೆ ಕೈ ಬಿಗಿ ಹಿಡಿದು ಎಣ್ಣೆ ಬಿಟ್ಟೆ. ಆಮೇಲೆ ಮನೆಯೊಳಗಿಂದ ಬುತ್ತಿ ಕಟ್ಟುವ ಸದ್ದು ಕೇಳಿತು, ಯಾರೋ ಮಗುವಿನ ಬಾಯಿ ಮುಚ್ಚುತ್ತಿದ್ದರು. ಆಮೇಲೆ ಅಳತೆ ನೋಡಲಿಲ್ಲ. ಆರನೆಯ ಗಾಲಿ ಮುಗಿದಾಗ ಒಂದು ಬಾಟಲಿ ಖಾಲಿಯಾಗಿತ್ತು, ಇನ್ನೊಂದರ ತಳದಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು.

ಮಟಮಟ ಮಧ್ಯಾಹ್ನ ಗಾಡಿ ಹೊರಟವು. ಎತ್ತಿನ ಕೊರಳ ಗಂಟೆ ಬಿಚ್ಚಿದ್ದರು. ಕೊನೆಯ ಗಾಡಿಯಲ್ಲಿ ಒಬ್ಬ ಅಜ್ಜಿ ಬೀಸುಕಲ್ಲಿನ ಮೇಲಿನ ಬಿಲ್ಲೆಯೊಂದನ್ನೇ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕೆಳಗಿನದು ಭಾರವೆಂದು ಬಿಟ್ಟಿದ್ದಳು. ನನ್ನನ್ನು ಕಂಡು, "ನಿನ್ನ ಕೈ ತಂಪಾಗಿರ್ಲಿ ಯಪ್ಪಾ," ಎಂದಳು. ಮೂರು ಗಾಡಿಗಳೂ ಧೂಳಿನಲ್ಲಿ ಸದ್ದಿಲ್ಲದೆ ಹೋದವು. ಗಾಡಿ ಅಷ್ಟು ಸುಮ್ಮನೆ ಹೋಗುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಹೆಮ್ಮೆಯೆನಿಸಿತು, ಸುಳ್ಳು ಹೇಳುವುದಿಲ್ಲ. ಅದು ಗಿರಣಿಗೆ ವಾಪಸ್ ಬರುವ ತನಕ ಇತ್ತು.

ಗಿರಣಿಯಲ್ಲಿ ಕೂತು ಬಾಟಲಿ ನೋಡಿದೆ. ಅಫಜಲಪುರದಲ್ಲಿ ಏನು ಹೇಳುವುದು? ಊಟಕ್ಕೆಂದು ನಾನಿಟ್ಟುಕೊಂಡಿದ್ದ ಕುಸುಬಿ ಎಣ್ಣೆಯ ಮಗಿ ಮೂಲೆಯಲ್ಲಿತ್ತು. ಉಳಿದ ಎಣ್ಣೆಯನ್ನು ಎರಡೂ ಬಾಟಲಿಗೆ ಹಂಚಿ, ಮೇಲೆ ಕುಸುಬಿ ಎಣ್ಣೆ ತುಂಬಿ, ಅಲುಗಾಡಿಸಿದೆ. ಬಣ್ಣ ಸ್ವಲ್ಪ ತಿಳಿಯಾಯಿತು ಅಷ್ಟೆ. ಕುಸುಬಿ ಎಣ್ಣೆ ಬಿಸಿಗೆ ಅಂಟಾಗುತ್ತದೆ, ಆಮೇಲೆ ಅರಗಿನ ಹಾಗೆ ಗಟ್ಟಿಯಾಗುತ್ತದೆ ಎಂಬುದು ಗೊತ್ತಿಲ್ಲದ ಮಿಸ್ತ್ರಿ ನಾನಲ್ಲ. ಎಂಟು ದಿನ ನಡೆದೀತು, ಅಷ್ಟರಲ್ಲಿ ಎಲ್ಲಿಂದಲಾದರೂ ಎಣ್ಣೆ ಬಂದೀತು ಎಂದುಕೊಂಡೆ. ದಣಿದವನಿಗೆ ಇಂಥ ಲೆಕ್ಕಗಳು ಬೇಗ ಒಪ್ಪಿಗೆಯಾಗುತ್ತವೆ.

ಬಸ್ಸುಗಳು ನಿಂತಿದ್ದವು. ಮೂರು ದಿನ ನಡೆದೆ. ಅತನೂರಿನಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಮಜ್ಜಿಗೆ ಕೊಟ್ಟ ಹೆಣ್ಣುಮಗಳು ಬಾಟಲಿ ನೋಡಿ, "ಔಷಧ ಏನ್ರಿ?" ಎಂದು ಕೇಳಿದಳು. ಹೌದೆಂದೆ. ಆ ವಾರದ ಮೊದಲ ಸುಳ್ಳು ಅದು.

ತೋಟ ಕಾಯುವವನು ನನ್ನ ಅಪ್ಪನಿಗಿಂತ ಹಿರಿಯ. ನಾನು ಕಾಕಾ ಎನ್ನುತ್ತಿದ್ದೆ. ಹನ್ನೆರಡು ವರ್ಷದಿಂದ ಆ ಬಳ್ಳಿಗಳನ್ನು ಬೆಳೆಸಿದವನು. ಬಳ್ಳಿ ಕಟ್ಟಲು ಬೇರೆಯವರನ್ನು ಬಿಡುತ್ತಿರಲಿಲ್ಲ. ಜೊಂಡಿನ ಎಳೆಯನ್ನು ತಾನೇ ನೆನೆಸಿ, ತಾನೇ ಕಟ್ಟುತ್ತಿದ್ದ. ಇಂಜಿನ್ ಶುರು ಮಾಡುವುದನ್ನೂ ನಿಲ್ಲಿಸುವುದನ್ನೂ ನನ್ನಿಂದ ಕಲಿತಿದ್ದ. ನಾನಿಲ್ಲದಾಗ ಅವನೇ ನಡೆಸುತ್ತಿದ್ದ.

ಬಾಟಲಿ ತೆಗೆದುಕೊಂಡು ಒಂದು ಹನಿಯನ್ನು ಹೆಬ್ಬೆರಳಿಗೆ ಹಚ್ಚಿ ತಿಕ್ಕಿದ. ಮೂಗಿಗೆ ಹಿಡಿದ.

"ವಾಸನಿ ಬ್ಯಾರೆ ಅದಲ್ಲೋ ಮಿಸ್ತ್ರಿ."

"ಹೊಸ ನಮೂನಿ ಎಣ್ಣಿ ಕಾಕಾ. ಈಗ ಇಂಥಾದ್ದೇ ಬರಾಕತ್ತದ."

"ನೀ ಹೇಳಿದ್ರ ಆಯ್ತು ಬಿಡು," ಎಂದು ಗಾಜಿನ ಬಟ್ಟಲಿಗೆ ಸುರಿದ.

ಎರಡು ದಿನ ನಿಂತು ನೋಡಿದೆ. ಇಂಜಿನ್ ಓಡಿತು. ನೀರು ಕಾಲುವೆಯಲ್ಲಿ ಹರಿಯಿತು. ಅಂದೋಲಾ ಕಡೆ ಗದ್ದಲವಾಗಿದೆ ಎಂದು ದಾರಿಹೋಕನೊಬ್ಬ ಹೇಳಿದ್ದರಿಂದ ನನಗೆ ಮನೆಯ ಚಿಂತೆ ಹತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ಹೊರಟೆ. ನಿಜವಾಗಿ ಆ ಇಂಜಿನ್ನಿನ ಸದ್ದು ಕೇಳುತ್ತ ಕೂರಲು ಆಗುತ್ತಿರಲಿಲ್ಲ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು. ಏಳು ಮಂದಿಗೆ ದಿನಾ ಜೋಳ ಬೀಸಿ ಬೀಸಿ ಹೆಂಡತಿಯ ಅಂಗೈ ತುಂಬ ಬೊಕ್ಕೆ ಎದ್ದಿದ್ದವು. "ಹಿಟ್ಟಿನ ಗಿರಣಿ ಮಿಸ್ತ್ರಿ ಮನ್ಯಾಗ ನೋಡ್ರಿ ಇದು," ಎಂದು ಅಂಗೈ ತೋರಿಸಿ ನಕ್ಕಳು. ಅವಳಿಗೆ ನಡೆದದ್ದೆಲ್ಲ ಹೇಳಿದೆ. ಗಾಡಿಗಳ ವಿಷಯ ಕೇಳಿ ಒಳ್ಳೇದಾಯಿತು ಎಂದಳು. ಕುಸುಬಿ ಎಣ್ಣೆಯ ವಿಷಯ ಕೇಳಿ, "ಆ ಮುದುಕಗ ಹೇಳ್ಬೇಕಾಗಿತ್ತು ನೀವು," ಎಂದಳು. ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡು ಆರು ದಿನ ಮಲಗಿದೆ. ಮೈಯಲ್ಲಿ ಜ್ವರವಿರಲಿಲ್ಲ, ಏಳಲು ಮನಸ್ಸಿರಲಿಲ್ಲ.

ಏಳನೆಯ ದಿನ ಅಫಜಲಪುರದ ಸಂತೆಯಿಂದ ಬಂದ ದನದ ವ್ಯಾಪಾರಿಯೊಬ್ಬ ಹೇಳಿಕೆ ತಂದ: ಇಂಜಿನ್ ನಿಂತಿದೆ, ಚಕ್ರ ಅಲುಗುತ್ತಿಲ್ಲ, ಬೇಗ ಬಾ.

ನಾನು ತಲುಪಿದಾಗ ಬಳ್ಳಿ ನೀರು ಕಂಡು ಎಂಟು ದಿನವಾಗಿತ್ತು. ಎಲೆಗಳು ಕಂದಿ, ಅಂಚು ಸುರುಳಿಯಾಗಿ ಜೋತುಬಿದ್ದಿದ್ದವು. ಕಾಕಾ ಕೊಡಪಾನದಲ್ಲಿ ಬಾವಿಯಿಂದ ನೀರು ಹೊತ್ತು ಬುಡಬುಡಕ್ಕೆ ಹಾಕುತ್ತಿದ್ದ. ಅಷ್ಟು ದೊಡ್ಡ ತೋಟಕ್ಕೆ ಒಬ್ಬ ಮುದುಕ, ಒಂದು ಕೊಡ. ನನ್ನನ್ನು ನೋಡಿ, "ನಾ ಏನೋ ತಪ್ಪು ಮಾಡ್ದೆ ಮಿಸ್ತ್ರಿ. ತಿರುಪು ಹೆಚ್ಚು ಬಿಗಿ ಮಾಡಿದ್ನೋ ಏನೋ," ಎಂದ.

ನಾನು ಪಾನಾ ತೆಗೆದು ಇಂಜಿನ್ ಬಿಚ್ಚಿದೆ. ಪಿಸ್ಟನ್ ಸಿಲಿಂಡರಿಗೆ ಅಂಟಿ ಕೂತಿತ್ತು. ಸುತ್ತಲೂ ಕಂದು ಬಣ್ಣದ ಮೇಣ, ಉಗುರು ಇಳಿಯದಷ್ಟು ಗಟ್ಟಿ. ದೊಡ್ಡ ಬೇರಿಂಗಿನ ಒಳಗಿನ ಬಿಳಿ ಲೋಹ ಕರಗಿ ಹರಿದು ಹೋಗಿತ್ತು. ಪೀಪಾಯಿಯ ಉರಿಯುವ ಎಣ್ಣೆಗೆ ಮೇಣ ಕರಗಲಿಲ್ಲ, ಚಿಮಣಿ ಎಣ್ಣೆಯಿಲ್ಲ, ಬೇರಿಂಗ್ ತರಲು ಸೋಲಾಪುರದ ದಾರಿಯಿಲ್ಲ. ಎರಡು ದಿನ ಕಟ್ಟಿಗೆಯ ತುಂಡಿಟ್ಟು ಹತೋಡಿಯಿಂದ ಬಡಿದೆ. ಪಿಸ್ಟನ್ ಕೂದಲೆಳೆಯಷ್ಟೂ ಸರಿಯಲಿಲ್ಲ.

ಮೂರನೆಯ ದಿನ ಮೊಟ ಹೂಡಲು ಹೊರಟೆವು. ಮೊಟವೆಂದರೆ ಬಾವಿಗೆ ಇಳಿಬಿಡುವ ಚರ್ಮದ ದೊಡ್ಡ ಚೀಲ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದರೆ ಅದು ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಇಂಜಿನ್ ಬಂದ ಮೇಲೆ ಅದನ್ನು ಅಟ್ಟಕ್ಕೆ ಎಸೆದಿದ್ದರು. ಮಿಸ್ತ್ರಿ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ನನ್ನ ದಾರಿ ಕಾಯುತ್ತ ಕಾಕಾ ಅದನ್ನು ಇಳಿಸಿರಲಿಲ್ಲ. ಚರ್ಮ ಒಣಗಿ ಸೀಳಿತ್ತು. ನೆನೆಸಿ, ಹೊಲಿಸಿ, ಹಗ್ಗ ಹೊಸೆದು ಹೂಡುವುದರೊಳಗೆ ಮತ್ತೊಂದು ದಿನ ಹೋಯಿತು. ಆವತ್ತಿನಿಂದ ಮಿರಗದ ಮಳೆ ಬೀಳುವ ತನಕ ಎತ್ತುಗಳ ಹಿಂದೆ ನಾನೇ ನಡೆದೆ. ಮುಂದಕ್ಕೆ ಇಪ್ಪತ್ತೆರಡು ಹೆಜ್ಜೆ, ಹಿಂದಕ್ಕೆ ಇಪ್ಪತ್ತೆರಡು ಹೆಜ್ಜೆ. ಹಗ್ಗದ ಮೇಲೆ ಕೂತು ಭಾರ ಹಾಕುವುದು, ಇಳಿಯುವುದು, ಎತ್ತುಗಳನ್ನು ಹಿಂದೆ ಸರಿಸುವುದು. ಸೂರ್ಯ ಹುಟ್ಟಿದಾಗ ಶುರು, ಬಿಸಿಲು ಏರಿದಾಗ ಬಿಡುವು, ಇಳಿಹೊತ್ತಿಗೆ ಮತ್ತೆ. ಮೊದಲ ವಾರ ತೊಡೆಯ ಚರ್ಮ ಸುಲಿಯಿತು. ಆಮೇಲೆ ನೋವೂ ತಿಳಿಯಲಿಲ್ಲ, ವಾರವೂ ತಿಳಿಯಲಿಲ್ಲ.

ಕಾಕಾ ಕಾಲುವೆಯಲ್ಲಿ ನೀರು ತಿರುವುತ್ತಿದ್ದ. ಸಾಯುವ ಸಾಲು ಯಾವುದು, ಬದುಕುವ ಸಾಲು ಯಾವುದು ಎಂದು ನೋಡಿ, ಸಾಯುವುದಕ್ಕೆ ನೀರು ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸುವಾಗಲೆಲ್ಲ ಆ ಸಾಲಿನ ಮೊದಲ ಬಳ್ಳಿಯ ಬುಡಕ್ಕೆ ಒಂದು ಬೊಗಸೆ ಹಾಕಿ ಮುಂದೆ ಹೋಗುತ್ತಿದ್ದ. ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದಾಗ ಮತ್ತೆ ಮತ್ತೆ ಅದೇ ಮಾತು: "ತಿರುಪು ನಾನೇ ಬಿಗಿ ಮಾಡಿದ್ನೋ ಏನೋ."

ಹನ್ನೆರಡು ದಿನ ಆ ಮಾತು ಕೇಳಿದೆ. ಹದಿಮೂರನೆಯ ದಿನ ಹೇಳಿಬಿಟ್ಟೆ.

"ತಿರುಪಿಂದು ಅಲ್ಲ ಕಾಕಾ. ಎಣ್ಣಿ ಖರೇ ಎಣ್ಣಿ ಆಗಿರಲಿಲ್ಲ. ಕುಸುಬಿ ಬೆರಸಿದ್ದೆ." ಗಾಡಿಗಳ ವಿಷಯ, ದರ್ಜಿ ಚಾಚಾನ ವಿಷಯ, ಬಾಟಲಿ ತುಂಬಿದ ವಿಷಯ, ಎಲ್ಲ ಹೇಳಿದೆ.

ಅವನು ಕೈಯಲ್ಲಿದ್ದ ರೊಟ್ಟಿಯನ್ನು ಅರಿವೆಯ ಮೇಲೆ ಇಟ್ಟ.

"ಎಣ್ಣಿ ಕೊಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನಿನ್ನ ಜಾಗಾದಾಗ ನಾ ಇದ್ರೂ ಕೊಡ್ತಿದ್ದೆ. ಖರೇ ನನಗ ಯಾಕ ಸುಳ್ಳು ಹೇಳ್ದಿ?"

ನಾನು ರೊಟ್ಟಿಯ ಗಂಟು ಕಟ್ಟತೊಡಗಿದೆ.

"ಎಣ್ಣಿ ಇಲ್ಲ ಕಾಕಾ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ಅವತ್ತೇ ಇಂಜಿನ್ ಬಂದ್ ಮಾಡಿ ಮೊಟ ಹೂಡ್ತಿದ್ದೆ. ಇಂಜಿನ್ನೂ ಉಳೀತಿತ್ತು, ಬಳ್ಳೀನೂ ಉಳೀತಿದ್ದವು. ಹನ್ನೆರಡು ವರ್ಷದ ಬಳ್ಳಿ ಮಿಸ್ತ್ರಿ ಅವು." ಎದ್ದು ನಿಂತ. "ನಂದೇ ತಪ್ಪು ಅಂತ ತಿಳದು ಇಪ್ಪತ್ತು ದಿನ ಕಣ್ಣಿಗಿ ನಿದ್ದಿ ಹತ್ತಿಲ್ಲ ನನಗ."

ಆಮೇಲೆ ಮಳೆ ಬರುವ ತನಕ ಅವನು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಎತ್ತುಗಳ ಹಿಂದೆ ನಡೆದೆ.

ಮಳೆ ಬಿದ್ದಾಗ ಅರ್ಧಕ್ಕಿಂತ ಹೆಚ್ಚು ತೋಟ ಸತ್ತಿತ್ತು. ಸಾಹುಕಾರರು ಬಂದು ನೋಡಿದರು. ನಿಂತ ಇಂಜಿನ್, ಒಣಗಿದ ಸಾಲುಗಳು, ಮೊಟದ ಬಾವಿ. ಏನಾಯಿತೆಂದು ಕೇಳಿದ್ದು ಕಾಕಾನನ್ನು, ನನ್ನನ್ನಲ್ಲ. ಕಾಕಾ ನನ್ನ ಮುಖ ನೋಡದೆ ಹೇಳಿದ: "ಎಣ್ಣಿ ಸಿಗಲಿಲ್ರಿ. ಏನು ಮಾಡೂದು." ಸಾಹುಕಾರರು ಈ ಕಾಲದಲ್ಲಿ ಎಲ್ಲರದೂ ಇದೇ ಕಥೆ ಎಂದು ನಿಟ್ಟುಸಿರು ಬಿಟ್ಟು ಹೋದರು. ಅವರಿಗೆ ನಾನು ಕಡೆಯ ತನಕ ಹೇಳಲಿಲ್ಲ. ಹೇಳಬೇಕಾಗಿತ್ತೆಂದು ಗೊತ್ತು.

ಗಣಪತಿ ಹಬ್ಬ ಆಗಿ ಕೆಲವು ದಿನಕ್ಕೆ ಗಡಿಯಾಚೆಯಿಂದ ದಂಡು ಬಂತು, ಸಂಸ್ಥಾನ ಹೋಯಿತು. ಅದು ನಮ್ಮ ತೋಟದ ಹಾದಿಯಲ್ಲಿ ಬರಲಿಲ್ಲ. ಲಾರಿಗಳ ಸದ್ದು ಮಾತ್ರ ಕೇಳಿಸಿತು. ದಾರಿಗಳು ತೆರೆದವು. ಚಳಿಗಾಲಕ್ಕೆ ಡಬ್ಬಿಗಳೂ ಬಂದವು, ಬೇರಿಂಗೂ ಬಂತು. ಚಿಮಣಿ ಎಣ್ಣೆಯಲ್ಲಿ ಎರಡು ದಿನ ನೆನೆಸಿದ ಮೇಲೆ ಪಿಸ್ಟನ್ ಸಡಿಲಾಯಿತು. ಮೇಣ ಕೆರೆದು, ಸಿಲಿಂಡರ್ ತಿಕ್ಕಿ, ಇಂಜಿನ್ ಶುರು ಮಾಡಿದೆ. ಮೊದಲಿನ ಬಲ ಇರಲಿಲ್ಲ, ಆದರೂ ಓಡಿತು. ಕಾಕಾ ದೂರದಲ್ಲಿ ನಿಂತು ಕೇಳಿದ. ಹತ್ತಿರ ಬರಲಿಲ್ಲ.

ಗಿರಣಿ ತೆರೆಯಲು ಆಳಂದಕ್ಕೆ ಹೋದಾಗ ಓಣಿಯ ಸುದ್ದಿ ತಿಳಿಯಿತು. ಆ ಮೂರು ಮನೆಗಳಲ್ಲಿ ಎರಡು ಮನೆಯವರು ವಾಪಸ್ ಬಂದಿದ್ದರು. ಅಜ್ಜಿ ಮಳೆಗಾಲದಲ್ಲಿ ಸೋಲಾಪುರ ಕಡೆಯ ನಿರಾಶ್ರಿತರ ಕ್ಯಾಂಪಿನಲ್ಲೇ ವಾಂತಿಭೇದಿಯಾಗಿ ತೀರಿಕೊಂಡಿದ್ದಳು. ಗಡಿ ದಾಟುವ ತನಕ ಗಾಡಿ ಒದರಲಿಲ್ಲ ಎಂದು ಅವಳ ಮಗ ಹೇಳಿದ. ದರ್ಜಿ ಚಾಚಾನ ಅಂಗಡಿ ಮುಚ್ಚಿತ್ತು. ದಂಡು ಬಂದ ಮೇಲಿನ ಗದ್ದಲದಲ್ಲಿ ಹೆದರಿ ಓಡುವ ಸರದಿ ಅವನದಾಗಿತ್ತು. ಅವನ ಹೊಲಿಗೆ ಮಷಿನ್ನನ್ನು ಅಜ್ಜಿಯ ಮಗ ತನ್ನ ಒಳಮನೆಯಲ್ಲಿ ಇಟ್ಟುಕೊಂಡಿದ್ದ. ಚಾಚಾ ಮೂರು ತಿಂಗಳ ಮೇಲೆ ಬಂದ. ಬಹಳ ಇಳಿದುಹೋಗಿದ್ದ. ಏನಾಯಿತೆಂದು ಅವನು ಹೇಳಲಿಲ್ಲ, ನಾವು ಯಾರೂ ಕೇಳಲಿಲ್ಲ.

ಮುಂದಿನ ಮಳೆಗಾಲಕ್ಕೆ ಸತ್ತ ಸಾಲುಗಳಲ್ಲಿ ಕಾಕಾ ಹೊಸ ಬಳ್ಳಿ ಹಚ್ಚಿದ. ನಾನು ಇಂಜಿನ್ ನೋಡಲು ಹೋದವನು ನಾಲ್ಕು ದಿನ ಹೆಚ್ಚು ನಿಂತು ಗುದ್ದು ತೋಡಿ ಕೊಟ್ಟೆ. ಮೂರನೆಯ ದಿನ ಅವನು ನೆನೆಸಿದ ಜೊಂಡಿನ ಒಂದು ಕಟ್ಟನ್ನು ನನ್ನ ಕಡೆ ನೂಕಿದ.

"ಹಿಂಗ ಎರಡು ಸುತ್ತು ಹಾಕು. ಬಿಗಿ ಮಾಡಬ್ಯಾಡ, ಬಳ್ಳಿಗಿ ನೋಯ್ತದ."

ಆ ಸಾಲನ್ನು ನಾನು ಕಟ್ಟಿದೆ. ಅವನು ಹಿಂದಿನಿಂದ ಬಂದು ಎರಡು ಕಡೆ ಬಿಚ್ಚಿ ಮತ್ತೆ ಕಟ್ಟಿದ. ಉಳಿದದ್ದನ್ನು ಹಾಗೇ ಬಿಟ್ಟ. ಸಂಜೆ ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು, ಹಳೆಯ ಸಾಲಿನಲ್ಲಿ ಉಳಿದಿದ್ದ ಬಳ್ಳಿಯಿಂದ ಕಿತ್ತ ಎಲೆ ಹಾಕಿಕೊಂಡೆವು. ದುಡಿದು ಇಬ್ಬರಿಗೂ ಸಾಕಾಗಿತ್ತು.